ಮೊದಲು ರಿಜಿಸ್ಟರ್, ಆಮೇಲೆ ಆ್ಯಪ್

ಕಳೆದ ಆಗಸ್ಟ್‌ನಲ್ಲಿ ನಮ್ಮ ಕಾಲೇಜಿನ ವಸ್ತು ಪ್ರದರ್ಶನದಲ್ಲಿ ನಮ್ಮ ನಾಲ್ವರ ತಂಡಕ್ಕೆ ಎರಡನೇ ಬಹುಮಾನ ಬಂತು. ಸೀನಿಯರ್‌ಗಳ ಹಳೆಯ ಪಠ್ಯಪುಸ್ತಕಗಳನ್ನು ಜೂನಿಯರ್‌ಗಳಿಗೆ ತಲುಪಿಸುವ ಆ್ಯಪ್ ಅದು. ತುಂಬಾ ಜನ ಬೆನ್ನು ತಟ್ಟಿದರು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ: ಈ ಆ್ಯಪ್‌ನಿಂದ ಎಷ್ಟು ಪುಸ್ತಕಗಳು ಕೈ ಬದಲಾಗಿವೆ? ಇವತ್ತು ನಾನೇ ಉತ್ತರ ಹೇಳುತ್ತೇನೆ. ಒಂದೂ ಇಲ್ಲ.

ಬೇಸಿಗೆ ರಜೆಯಲ್ಲಿ ನಾವು ಕೆಲಸ ಶುರು ಮಾಡಿದಾಗ ಬೇಕಾಗಿದ್ದದ್ದು ಒಂದು ಪಟ್ಟಿ ಮಾತ್ರ. ಯಾರ ಹತ್ತಿರ ಯಾವ ಪುಸ್ತಕ ಇದೆ, ಯಾರಿಗೆ ಯಾವುದು ಬೇಕು, ಅಷ್ಟೇ. ಆಮೇಲೆ ಒಬ್ಬ ಲಾಗಿನ್ ಬೇಕು ಎಂದ. ಇನ್ನೊಬ್ಬ ಪುಸ್ತಕದ ಫೋಟೋ ಬೇಕು ಎಂದ. ಚಾಟ್ ಬಂತು, ಸ್ಟಾರ್ ಕೊಡುವ ವ್ಯವಸ್ಥೆ ಬಂತು. ಗೆಳೆಯನ ಐಡಿಯಾ ಬೇಡ ಎಂದರೆ ಬೇಜಾರಾಗುತ್ತಾನೆ ಎಂದು ಎಲ್ಲವನ್ನೂ ಸೇರಿಸಿದೆವು. ಲೋಗೋ ಒಂದಕ್ಕೇ ಎರಡು ವಾರ ಹೋಯಿತು. ಜೂನ್‌ನಲ್ಲಿ ಕಾಲೇಜು ಶುರುವಾದಾಗ ‘ಇನ್ನೊಂದು ವಾರ ಸಾಕು’ ಎಂದುಕೊಂಡೆವು. ಆ ಒಂದು ವಾರ ಮುಗಿದದ್ದು ಆಗಸ್ಟ್‌ನಲ್ಲಿ.

ಅಷ್ಟರಲ್ಲಿ ಪ್ರಥಮ ಪಿಯುಸಿಯವರೆಲ್ಲ ಪುಸ್ತಕ ಕೊಂಡಾಗಿತ್ತು. ಅವರಲ್ಲೊಬ್ಬ ನನ್ನ ಜೊತೆ ದಿನಾ ಬಸ್ಸಿನಲ್ಲಿ ಬರುತ್ತಾನೆ. ಅವನ ಅಬ್ಬಾ ತಾವು ಕೆಲಸ ಮಾಡುವ ಅಂಗಡಿಯ ಮಾಲೀಕರಿಂದ ಸಾಲ ತಂದು ಸೈನ್ಸ್ ಪುಸ್ತಕಗಳ ಇಡೀ ಸೆಟ್ ಕೊಡಿಸಿದರಂತೆ. ಆಗ ನನ್ನ ಹಳೆಯ ಸೆಟ್ ನಮ್ಮ ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅವನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಇದನ್ನು ಕೇಳಿದ ಮೇಲೆ ಬಹುಮಾನದ ಪ್ರಮಾಣಪತ್ರವನ್ನು ಗೋಡೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ವಿಷಯ ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ. ನಮ್ಮ ಲೈಬ್ರರಿಯ ಚಾಚಾ ಜೂನ್‌ನಲ್ಲೇ ಒಂದು ಹಳೆಯ ರಿಜಿಸ್ಟರ್‌ನಲ್ಲಿ ಗೆರೆ ಎಳೆದು, ಒಂದು ಕಡೆ ‘ಕೊಡುವವರು’, ಇನ್ನೊಂದು ಕಡೆ ‘ಬೇಕಾದವರು’ ಎಂದು ಬರೆದು ಮೇಜಿನ ಮೇಲೆ ಇಟ್ಟಿದ್ದರು. ಅದರಿಂದ ಮೂವತ್ತಕ್ಕೂ ಹೆಚ್ಚು ಪುಸ್ತಕಗಳು ಕೈ ಬದಲಾಗಿದ್ದವು. ಆ ಪುಟಗಳನ್ನು ತಿರುವಿ ಹಾಕಿದಾಗ ನಾಲ್ಕು ತಿಂಗಳಲ್ಲಿ ಕಲಿಯದ್ದನ್ನು ಹತ್ತು ನಿಮಿಷದಲ್ಲಿ ಕಲಿತೆ. ಹುಡುಗಿಯರು ಯಾರೂ ಫೋನ್ ನಂಬರ್ ಬರೆದಿರಲಿಲ್ಲ, ತರಗತಿ ಮತ್ತು ಸೆಕ್ಷನ್ ಮಾತ್ರ ಬರೆದಿದ್ದರು. ನಮ್ಮ ಆ್ಯಪ್ ಫೋನ್ ನಂಬರ್ ಇಲ್ಲದೆ ತೆರೆಯುವುದೇ ಇಲ್ಲ! ರಿಜಿಸ್ಟರ್‌ನ ಕೊರತೆಯೂ ಕಂಡಿತು. ಹೊಸಬರಿಗೆ ಲೈಬ್ರರಿ ಕಾರ್ಡ್ ಸಿಗುವುದೇ ಜುಲೈನಲ್ಲಿ. ಹಾಗಾಗಿ ಬಸ್ಸಿನ ಆ ಹುಡುಗನಂಥವರಿಗೆ ಅದರ ಸುದ್ದಿಯೇ ಮುಟ್ಟಿರಲಿಲ್ಲ. ಸುದ್ದಿ ಮುಟ್ಟಿಸುವುದೊಂದೇ ನಮ್ಮ ಆ್ಯಪ್ ಮಾಡಬೇಕಿದ್ದ ಕೆಲಸ.

ದೊಡ್ಡ ಕಂಪನಿಗಳ ಚರಿತ್ರೆ ಓದಿದರೂ ಇದೇ ಪಾಠ ಸಿಗುತ್ತದೆ. 1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಅವರಿಗೆ ಇಂಟರ್‌ನೆಟ್‌ನಲ್ಲಿ ಶೂ ಮಾರುವ ಯೋಚನೆ ಬಂತು. ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರೆಯೇ? ಅದನ್ನು ತಿಳಿಯಲು ಅವರು ಗೋದಾಮು ಕಟ್ಟಲಿಲ್ಲ. ಊರಿನ ಶೂ ಅಂಗಡಿಗೆ ಹೋಗಿ ಫೋಟೋ ತೆಗೆದು ವೆಬ್‌ಸೈಟ್‌ಗೆ ಹಾಕಿದರು. ಆರ್ಡರ್ ಬಂದಾಗ ಅದೇ ಅಂಗಡಿಯಿಂದ ಪೂರ್ತಿ ಬೆಲೆಗೆ ಕೊಂಡು ಕಳಿಸಿದರು. ಲಾಭ ಬರಲಿಲ್ಲ, ಉತ್ತರ ಸಿಕ್ಕಿತು. ಅದೇ ಮುಂದೆ ಝ್ಯಾಪೋಸ್ ಆಯಿತು. 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು.

ನಮ್ಮ ಬೆಂಗಳೂರಿನ ರೆಡ್‌ಬಸ್ ಕೂಡ ಹೀಗೆಯೇ. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಪರದಾಡಿದ ಎಂಜಿನಿಯರ್ ಫಣೀಂದ್ರ ಸಾಮ, ಗೆಳೆಯರ ಜೊತೆ ಸೇರಿ ಮೊದಲು ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಬರೆದರು. ಅವರಿಗೆ ಅದು ಬೇಕಿರಲಿಲ್ಲ. ಗೆಳೆಯರು ಹಟ ಹಿಡಿಯದೆ ದಾರಿ ಬದಲಿಸಿದರು. ಮಾಲೀಕರಿಂದ ಕೆಲವೇ ಸೀಟುಗಳನ್ನು ಕೇಳಿ ಪಡೆದು, 2006ರಲ್ಲಿ ಪ್ರಯಾಣಿಕರಿಗೆ ಆನ್‌ಲೈನ್‌ನಲ್ಲಿ ಮಾರಲು ಆರಂಭಿಸಿದರು.

ಇಲ್ಲಿ ನನ್ನ ಅಭಿಪ್ರಾಯ ಇಷ್ಟು. ಸಾಫ್ಟ್‌ವೇರ್‌ನಲ್ಲಿ ವೇಗ ಎಂದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಕೋಡ್ ಬರೆಯುವುದಲ್ಲ. ನಾವು ಎಷ್ಟೋ ರಾತ್ರಿ ನಿದ್ದೆಗೆಟ್ಟೆವು, ಆದರೂ ತಡವಾಯಿತು. ಯಾವುದನ್ನು ಈಗ ಮಾಡಬಾರದು ಎಂದು ತೀರ್ಮಾನಿಸುವುದೇ ವೇಗ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಪ್ರೋಗ್ರಾಮರ್‌ಗಳು ಸೇರಿ ‘ಅಜೈಲ್’ ಪ್ರಣಾಳಿಕೆ ಬರೆದರು. ಅದರ ತತ್ವಗಳ ಪ್ರಕಾರ ಕೆಲಸದ ಪ್ರಗತಿಗೆ ಮುಖ್ಯ ಅಳತೆ, ನಡೆಯುವ ಸಾಫ್ಟ್‌ವೇರ್. ಅದನ್ನು ಕೆಲವು ವಾರಗಳಿಗೊಮ್ಮೆ ಬಳಸುವವರ ಕೈಗೆ ಕೊಡುತ್ತಾ ಹೋಗಬೇಕು. ಸಣ್ಣದಾದರೂ ಬಿಡದೆ ಮಾಡುವ ಕೆಲಸದ ಬೆಲೆ ನಮಗೆ ದೀನಿಯಾತ್ ತರಗತಿಯಿಂದಲೇ ಗೊತ್ತು. ಲ್ಯಾಬಿಗೆ ಬಂದಾಗ ಮಾತ್ರ ಮರೆಯುತ್ತೇವೆ.

‘ಹಾಗಾದರೆ ಅರೆಬರೆ ಕೆಲಸ ಕೊಡಬಹುದಾ?’ ಎಂದು ನಮ್ಮ ತಂಡದವಳೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಸಣ್ಣದು ಬೇರೆ, ಕಳಪೆ ಬೇರೆ. ಚಾಚಾ ಅವರ ರಿಜಿಸ್ಟರ್ ಸಣ್ಣದು, ಆದರೆ ಅದು ಯಾರಿಗೂ ತಪ್ಪು ಪುಸ್ತಕ ಕೊಡಲಿಲ್ಲ. ಹಣ, ಆರೋಗ್ಯ, ಜನರ ಖಾಸಗಿ ವಿವರ ಇರುವ ಕಡೆ ಪರೀಕ್ಷಿಸದೆ ಒಂದು ಹೆಜ್ಜೆಯೂ ಇಡಬಾರದು. ಅಂಥ ಕಡೆ ಸಣ್ಣದಾಗಿ ಶುರು ಮಾಡುವುದೇ ಒಳ್ಳೆಯದು, ತಪ್ಪಾದರೆ ನಷ್ಟವೂ ಸಣ್ಣದು.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಪ್ರದರ್ಶನದ ಅಂಕಪಟ್ಟಿಯಲ್ಲಿ ವಿನ್ಯಾಸಕ್ಕೆ ಅಂಕ ಇದೆ, ಹೊಸತನಕ್ಕೆ ಇದೆ, ವಿವರಣೆಗೆ ಇದೆ. ‘ಇದನ್ನು ಯಾರು ಬಳಸಿದರು? ಅವರಿಂದ ನೀವು ಏನನ್ನು ಬದಲಿಸಿದಿರಿ?’ ಎಂಬುದಕ್ಕೂ ಅಂಕ ಇರಲಿ. ಆ ಒಂದು ಸಾಲು ಇದ್ದಿದ್ದರೆ ನಮಗೆ ಬಹುಮಾನ ಬರುತ್ತಿರಲಿಲ್ಲ. ಬರಬಾರದಿತ್ತು ಕೂಡ.

ಪ್ರಥಮ ಪಿಯುಸಿಯ ಗೆಳೆಯರಿಗೂ ಒಂದು ಮಾತು. ನಿಮ್ಮ ವಾರ್ಷಿಕ ಪರೀಕ್ಷೆ ಮುಗಿದ ದಿನವೇ ಪುಸ್ತಕಗಳನ್ನು ಅಟ್ಟಕ್ಕೆ ಹಾಕಬೇಡಿ. ಈ ಸಲ ರಿಜಿಸ್ಟರ್ ಲೈಬ್ರರಿಯೊಳಗೆ ಅಲ್ಲ, ಅಡ್ಮಿಷನ್ ಕೌಂಟರ್‌ನ ಪಕ್ಕದಲ್ಲೇ ಇರುತ್ತದೆ. ಪ್ರಾಂಶುಪಾಲರು ಒಪ್ಪಿದ್ದಾರೆ, ಚಾಚಾ ಹೊಸ ಗೆರೆ ಎಳೆದುಕೊಟ್ಟಿದ್ದಾರೆ. ಮೊದಲ ಸಾಲಿನಲ್ಲಿ ನನ್ನ ಹೆಸರು, ನನ್ನ ಹಳೆಯ ಸೆಟ್ ಇದೆ. ಆ್ಯಪ್ ಬೇಕೇ ಬೇಡವೇ ಎಂಬುದನ್ನು ಜುಲೈನಲ್ಲಿ ಆ ಪುಟಗಳನ್ನು ನೋಡಿ ತೀರ್ಮಾನಿಸೋಣ.