ಬ್ಯಾಟರಿಯನ್ನು ದೂರುವ ಮುನ್ನ

ಕಾರು ಇರುವ ಮನೆಗಳಿಗೆಲ್ಲ ಪರಿಚಿತವಾದ ಸಂಕಟವೊಂದಿದೆ. ಬೆಳಿಗ್ಗೆ ಹೊರಡುವ ಅವಸರದಲ್ಲಿ ಕೀಲಿ ತಿರುಗಿಸಿದರೆ ಕಟಕಟ ಸದ್ದಿನ ಹೊರತು ಬೇರೇನೂ ಕೇಳಿಸದು. 'ಬ್ಯಾಟರಿ ಹೋಯಿತು' ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ನಾವೂ ಹಾಗೆಯೇ ತೀರ್ಪಿತ್ತು ಹೊಸ ಬ್ಯಾಟರಿ ಕೊಂಡೆವು. ತಿಂಗಳು ತುಂಬುವುದರೊಳಗೆ, ಹಾವೇರಿಯ ಮದುವೆ ಮುಗಿಸಿಕೊಂಡು ದಾವಣಗೆರೆಗೆ ಮರಳುತ್ತಿದ್ದ ರಾತ್ರಿ, ರಾಣೆಬೆನ್ನೂರು ದಾಟಿದೊಡನೆ ಹೆಡ್‌ಲೈಟುಗಳು ಮಂಕಾದವು. ಹಿಂದಿನ ಸೀಟಿನಲ್ಲಿ ವೃದ್ಧ ತಾಯಿ, ನಿದ್ದೆಹೋದ ಮಕ್ಕಳು. ಪಕ್ಕದಲ್ಲಿ ಬಿರುಸಾಗಿ ಸಾಗುವ ಲಾರಿಗಳು. ಅಂದು ಕಲಿತ ಪಾಠವನ್ನು ವಾಚಕ ಬಂಧುಗಳ ಮುಂದಿಡುವುದು ಉಚಿತವೆನಿಸಿದೆ.

ಬ್ಯಾಟರಿಯು ಕೇವಲ ಕಣಜ. ಅದನ್ನು ತುಂಬುವುದು ಆಲ್ಟರ್ನೇಟರ್. ಎಂಜಿನ್ನಿನ ಬೆಲ್ಟು ಅದನ್ನು ತಿರುಗಿಸುತ್ತದೆ. ರೆಗ್ಯುಲೇಟರು ವೋಲ್ಟೇಜನ್ನು ಮಿತಿಯಲ್ಲಿಡುತ್ತದೆ. ಕಣಜ ಬರಿದಾಯಿತೆಂದು ಕಣಜವನ್ನೇ ಬದಲಿಸಿದರೆ ಫಲವೇನು?

ಸಾಧಾರಣ ಮಲ್ಟಿಮೀಟರೊಂದು ಮನೆಯಲ್ಲಿದ್ದರೆ ಮೊದಲ ಪರೀಕ್ಷೆಯನ್ನು ನಾವೇ ಮಾಡಬಹುದು. ಅದನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಕೆಂಪು ತಂತಿಯನ್ನು ಬ್ಯಾಟರಿಯ ಧನ ತುದಿಗೂ ಕಪ್ಪು ತಂತಿಯನ್ನು ಋಣ ತುದಿಗೂ ತಾಗಿಸಬೇಕು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟಿನ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಎಂಜಿನ್ ಚಾಲನೆಯಲ್ಲಿದ್ದಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇರಬೇಕು. ದೀಪ, ಫ್ಯಾನು ಹಾಕಿ ಎಂಜಿನ್ನಿನ ವೇಗವನ್ನು ತುಸು ಏರಿಸಿದಾಗಲೂ 13ಕ್ಕಿಂತ ಕೆಳಗೇ ಉಳಿದರೆ ಬೆಲ್ಟು ಸಡಿಲವಾಗಿರಬಹುದು, ಬ್ರಷ್ಷು ಸವೆದಿರಬಹುದು, ಡಯೋಡು ಕೆಟ್ಟಿರಬಹುದು, ಇಲ್ಲವೇ ತಂತಿಯ ಸಂಧಿಯಲ್ಲಿ ಕಿಲುಬು ಕಟ್ಟಿರಬಹುದು.

ನಮ್ಮ ಕಾರಿನದು ಕೊನೆಯ ಪ್ರಕರಣ. ದಾರಿಬದಿಯ ಗ್ಯಾರೇಜಿನ ಎಲೆಕ್ಟ್ರಿಷಿಯನ್ನರು ಎಂಜಿನ್ ಚಾಲೂ ಇಟ್ಟು ಅಳೆದರು. ಆಲ್ಟರ್ನೇಟರಿನ ಬಳಿ 14.3 ವೋಲ್ಟು, ಬ್ಯಾಟರಿಯಲ್ಲಿ 12.1! ನಡುವಣ ಎರಡು ವೋಲ್ಟನ್ನು ನುಂಗಿದ್ದುದು ದಪ್ಪ ತಂತಿಯ ತುದಿಯಲ್ಲಿದ್ದ ಹಸಿರು ಕಿಲುಬು. ಎಮರಿ ಕಾಗದದಿಂದ ಉಜ್ಜಿ ಬಿಗಿದೊಡನೆ ಬ್ಯಾಟರಿಯ ವೋಲ್ಟೇಜು ಏರತೊಡಗಿತು. ನಾವು ಗುಜರಿಗೆ ಹಾಕಿದ ಹಳೆಯ ಬ್ಯಾಟರಿ ನಿರಪರಾಧಿಯಾಗಿದ್ದಿರಬೇಕು.

ವೋಲ್ಟೇಜು ಹೆಚ್ಚಾಗುವುದು ಇದಕ್ಕಿಂತ ಅಪಾಯಕರ. 15ನ್ನು ಮೀರಿ ನಿಂತರೆ ರೆಗ್ಯುಲೇಟರಿನ ಮೇಲೆ ಸಂಶಯಪಡಬೇಕು. ಬಲ್ಬುಗಳು ಪದೇಪದೇ ಸುಡುತ್ತವೆ. ಬ್ಯಾಟರಿ ಬಿಸಿಯಾಗಿ ಅದರೊಳಗಿನ ನೀರು ಬತ್ತುತ್ತದೆ. ಕೊಳೆತ ಮೊಟ್ಟೆಯಂತಹ ವಾಸನೆ ಬರಬಹುದು. ಆಗ ಹೊರಬರುವ ಜಲಜನಕ ಅನಿಲವು ಕಿಡಿ ತಗುಲಿದರೆ ಸಿಡಿಯುವಂಥದು. ಎಂಜಿನ್ ನಿಲ್ಲಿಸಿ ದೂರ ಸರಿಯುವುದೇ ವಿವೇಕ.

ಎರಡು ಎಚ್ಚರಿಕೆಯ ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿ ಪರೀಕ್ಷಿಸುವ ಹಳೆಯ ರೂಢಿ ಸಲ್ಲದು. ವೋಲ್ಟೇಜು ಒಮ್ಮೆಲೇ ಚಿಮ್ಮಿ ಎಲೆಕ್ಟ್ರಾನಿಕ್ ಭಾಗಗಳು ಹಾಳಾಗಬಹುದು. ತಿರುಗುವ ಬೆಲ್ಟಿನ ಬಳಿ ಸೆರಗು, ಶಲ್ಯ ಸುಳಿಯದಿರಲಿ. ಇತ್ತೀಚಿನ ಅನೇಕ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜನ್ನು ಏರಿಳಿಸುವುದರಿಂದ ಅಂಕಿಯೊಂದನ್ನೇ ನೋಡಿ ದೋಷವೆನ್ನದೆ ಕೈಪಿಡಿಯನ್ನು ಓದಬೇಕು.

ಕಾರಾಗಲಿ, ಮನುಷ್ಯರಾಗಲಿ, ಎದುರಿಗೆ ಸೋತು ನಿಂತವರ ಮೇಲೆ ತಪ್ಪು ಹೊರಿಸುವುದು ಸುಲಭ. ಅಳೆದು ನೋಡುವ ತಾಳ್ಮೆಯಿದ್ದರೆ ಹಣವೂ ಉಳಿದೀತು, ನಡುರಾತ್ರಿ ಹೆದ್ದಾರಿಯಲ್ಲಿ ಕುಟುಂಬವನ್ನು ನಿಲ್ಲಿಸಿಕೊಳ್ಳುವ ಪ್ರಸಂಗವೂ ತಪ್ಪೀತು.