ಗಿರಾಕಿಯ ಧರ್ಮ, ದರ್ಜಿಯ ಕೂಲಿ

ಕೌಲ್ ಬಜಾರಿನ ತರುಣಿಯೊಬ್ಬಳು ಎರಡು ವರ್ಷ ಮನೆಯಲ್ಲಿ ಜೀನ್ಸ್ ಹೊಲಿದು, ಈಗ ಮತ್ತೆ ಕಾಲೇಜು ಸೇರಿ ಜವಳಿ ಶಿಕ್ಷಣ ಪಡೆಯುತ್ತಿದ್ದಾಳೆ. ಮೊನ್ನೆ ನಮ್ಮ ಕಚೇರಿಗೆ ಬಂದವಳು ಕೇಳಿದಳು: "ಅನ್ಯಾಯದಿಂದ ತಯಾರಾದ ಬಟ್ಟೆ ಕೊಳ್ಳುವುದಿಲ್ಲವೆಂದು ಗಿರಾಕಿಗಳೆಲ್ಲ ಪಣ ತೊಟ್ಟರೆ ನಮ್ಮ ಓಣಿಯ ಕಷ್ಟ ತೀರೋದಿಲ್ಲೇನ್ರಿ?" ಪ್ರಶ್ನೆ ಪ್ರಾಮಾಣಿಕವಾದದ್ದು. ಆದ್ದರಿಂದ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತೇವೆ: ಅಷ್ಟರಿಂದಲೇ ತೀರದು.

ದಂಡಿನ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿದ ಬಳ್ಳಾರಿ, 1980ರ ದಶಕದಿಂದೀಚೆಗೆ ಜೀನ್ಸಿನ ಊರೆಂದು ಹೆಸರಾಯಿತು. ಕತ್ತರಿಸಿದ ಬಟ್ಟೆಯ ಗಂಟು ಮನೆಮನೆಗೆ ಬರುತ್ತದೆ. ಒಬ್ಬರು ಜೇಬು ಕೂಡಿಸುತ್ತಾರೆ, ಇನ್ನೊಬ್ಬರು ಜಿಪ್ಪು. ಮತ್ತೊಬ್ಬರು ಉಳಿದ ದಾರ ಕತ್ತರಿಸುತ್ತಾರೆ. ಕೂಲಿ ಪೀಸಿಗಿಷ್ಟು. ಕರೆಂಟಿನ ಬಿಲ್ಲು, ಸೂಜಿ, ಯಂತ್ರದ ರಿಪೇರಿ ಹೊಲಿಯುವವರ ತಲೆಗೆ. ಗಂಟು ಕೊಟ್ಟವನು ಮಾಲೀಕನಲ್ಲವಂತೆ, ಹೊಲಿದವಳು ಕಾರ್ಮಿಕಳಲ್ಲವಂತೆ! ದೂರದ ಗಿರಾಕಿ ಇದನ್ನು ಯಾವ ಚೀಟಿ ನೋಡಿ ತಿಳಿಯಬೇಕು? ಚೀಟಿ ಅಂಟಿಸುವವನೂ ಅದೇ ವ್ಯಾಪಾರಿಯಲ್ಲವೆ?

ಗಿರಾಕಿಯ ಆತ್ಮಸಾಕ್ಷಿಯನ್ನು ನಾವು ಹಳಿಯುವುದಿಲ್ಲ. ಅದರ ಬೆನ್ನಿಗೆ ಸಂಘಟನೆ ನಿಂತಾಗ ಅದು ಫಲ ಕೊಟ್ಟಿದೆ. ಖಾದಿ ತೊಟ್ಟವರ ದೇಶಭಕ್ತಿಯೊಂದೇ ನೂಲುವವಳ ಹೊಟ್ಟೆ ತುಂಬಿಸಲಿಲ್ಲ. ಗಾಂಧೀಜಿಯವರ ಒತ್ತಾಯದ ಮೇಲೆ ಅಖಿಲ ಭಾರತ ಚರಕಾ ಸಂಘವು 1935ರಲ್ಲಿ, ಖಾದಿ ತುಟ್ಟಿಯಾದರೂ ಸರಿ, ನೂಲುವವರ ಕೂಲಿ ಏರಬೇಕೆಂದು ನಿರ್ಣಯಿಸಿತು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಲೋಕದ ಗಿರಾಕಿಗಳೆಲ್ಲ ಮರುಗಿದರು. ಆದರೆ ದೊಡ್ಡ ಕಂಪನಿಗಳನ್ನು ಕಟ್ಟಿಹಾಕಿದ್ದು ಬರಿಯ ಮರುಕವಲ್ಲ. ಕಾರ್ಮಿಕ ಸಂಘಗಳೊಡನೆ ಅವು ಸಹಿ ಹಾಕಬೇಕಾಗಿ ಬಂದ, ಕಾನೂನಿನ ಬಲವುಳ್ಳ ಒಪ್ಪಂದ.

ಇಲ್ಲಿ ಏನಾಯಿತು? 2023ರ ಚುನಾವಣೆಯಲ್ಲಿ ರಾಹುಲ್ ಗಾಂಧಿಯವರು ಬಳ್ಳಾರಿಯ ಜೀನ್ಸಿಗೆ 5,000 ಕೋಟಿ ರೂಪಾಯಿಯ ಮಾತು ಕೊಟ್ಟು ಹೋದರು. ಕೋಟಿಯ ಲೆಕ್ಕ ನಮ್ಮ ಕಿವಿಗೆ ಬಿತ್ತು. ಪೀಸಿಗೆಷ್ಟು ಎಂಬ ಲೆಕ್ಕ ಬೀಳಲಿಲ್ಲ. ಮನೆಯಲ್ಲಿ ದುಡಿಯುವವರೂ ಇತರ ಕಾರ್ಮಿಕರಿಗೆ ಸಮಾನರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ 177ನೆಯ ಒಡಂಬಡಿಕೆ ಮಾಡಿತು. ದಿಲ್ಲಿಯಲ್ಲಿ ಯಾವ ಪಕ್ಷ ಕುಳಿತರೂ ಅದನ್ನು ಅಂಗೀಕರಿಸಲಿಲ್ಲ.

ಕಾರ್ಖಾನೆ ಸರಕಿನ ಬೆಲೆ ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟು ಮೀರಕೂಡದೆಂದು ಲೋಹಿಯಾರವರು ವಾದಿಸಿದ್ದರು. ವೆಚ್ಚವೇ ಗುಟ್ಟಾಗಿದ್ದರೆ ಪಟ್ಟಿನ ಮಾತೆಲ್ಲಿ? ಪ್ಯಾಂಟಿನ ಚೀಟಿಯ ಮೇಲೆ ಮಾರುವ ಬೆಲೆ ಅಚ್ಚಾಗುತ್ತದೆ. ಅದರ ಪಕ್ಕದಲ್ಲಿ ಹೊಲಿಗೆಯ ಕೂಲಿಯೂ ಅಚ್ಚಾಗಲಿ. ಎಂಟು ಗಂಟೆ ಹೊಲಿದವಳಿಗೆ ಕನಿಷ್ಠ ವೇತನ ಕೈಗೆ ಬರುವಂತೆ ಪೀಸಿನ ದರ ನಿಗದಿಯಾಗಲಿ. ಗಂಟು ಕೊಡುವವನೇ ಮಾಲೀಕನೆಂದು ದಾಖಲಾಗಲಿ. ಭವಿಷ್ಯನಿಧಿ, ವಿಮೆಯ ಹೊಣೆ ಅವನದಾಗಲಿ.

ತಂಗೀ, ಒಂದು ಜೇಬು ಕೂಡಿಸಲು ಎಷ್ಟು ನಿಮಿಷ ಬೇಕೆಂದು ಅಳೆಯುವ ವಿದ್ಯೆ ಜವಳಿ ಶಿಕ್ಷಣದಲ್ಲಿದೆ. ಕಾರ್ಖಾನೆಗಳಲ್ಲಿ ಅದರಿಂದ ದುಡಿಮೆಯ ಗುರಿ ಕಟ್ಟುತ್ತಾರೆ. ನೀನು ಅದನ್ನು ಕಲಿತು ಕೌಲ್ ಬಜಾರಿಗೆ ತಾ. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಅದಕ್ಕೆ ಎಷ್ಟು ಕೂಲಿ ಸಲ್ಲಬೇಕೆಂದು ಓಣಿಯ ಹೆಂಗಸರೊಡನೆ ಕುಳಿತು ಲೆಕ್ಕ ಹಾಕು. ಆ ಲೆಕ್ಕದ ಹಾಳೆ ಹಿಡಿದು ಸಂಘ ಕಟ್ಟೋಣ. ಆಮೇಲೆ ಗಿರಾಕಿಗಳನ್ನೂ ಕರೆಯೋಣ. ಅವರು ಯಾರ ಪರ ನಿಲ್ಲಬೇಕೆಂಬುದು ಆಗ ಅವರಿಗೂ ಸ್ಪಷ್ಟವಾಗುತ್ತದೆ.