ಮಲೆನಾಡ ಮನೆಗೆ ನಾಲ್ಕಡಿಯ ನೋಟ ಸಾಲದು

ಸೊರಬ, ಶಿಕಾರಿಪುರದ ಕಡೆ ಹೊಸ ಮನೆಗೆ ಪಾಯ ತೆಗೆಸುವವರ ಕೈಯಲ್ಲಿ ಈಗ ಕಂಪ್ಯೂಟರಿನಲ್ಲಿ ತೆಗೆದ ಪ್ಲಾನು ಇದ್ದೇ ಇರುತ್ತದೆ. ಗೆರೆ ನೇರ, ಅಕ್ಷರ ಸ್ಫುಟ, ಅಳತೆ ಮಿಲಿಮೀಟರಿನಲ್ಲಿ. ಕಾಗದ ಚೆಂದ ಇದ್ದರೆ ಮನೆಯೂ ಚೆಂದ ಬರುತ್ತದೆ ಎಂಬ ನಂಬಿಕೆ ಬೆಳೆದಿದೆ. ಹೊಸಬಾಳೆಯಲ್ಲಿ ಹುಟ್ಟಿ ಬೆಳೆದು, ಇದೇ ಸುತ್ತಿನಲ್ಲಿ ಮನೆ ಪ್ಲಾನು ಬರೆದು ಜೀವನ ಮಾಡುತ್ತಿರುವ ನಾನು ಒಂದು ಮಾತು ಹೇಳಲೇಬೇಕು: ಸಾಫ್ಟ್‌ವೇರ್ ತಾನಾಗಿ ಕೊಡುವ ನೋಟ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಅದನ್ನು ಹೊಂದಿಸದೆ ಪ್ರಿಂಟ್ ಕೊಡುವುದು ತಪ್ಪು.

ಪ್ಲಾನು ಅಂದರೆ ಏನು? ಮನೆಯನ್ನು ಒಂದು ಎತ್ತರದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನ ಭಾಗ ತೆಗೆದಿಟ್ಟು, ಮೇಲಿನಿಂದ ಕೆಳಕ್ಕೆ ನೋಡಿದಾಗ ಕಾಣುವ ಚಿತ್ರ. ನಾವು ಬಳಸುವ ರೆವಿಟ್ ಎಂಬ ಸಾಫ್ಟ್‌ವೇರಿನಲ್ಲಿ ಈ ಕೊಯ್ಯುವ ಮಟ್ಟವನ್ನು ಮೊದಲೇ 1200 ಮಿ.ಮೀ.ಗೆ, ಅಂದರೆ ಸುಮಾರು 4 ಅಡಿಗೆ ಇಟ್ಟಿರುತ್ತಾರೆ. ‘ವ್ಯೂ ರೇಂಜ್’ ಎಂಬ ಪುಟ್ಟ ಪಟ್ಟಿಯೊಳಗೆ ಮೇಲಿನ ಮಿತಿ, ಕೊಯ್ಯುವ ಮಟ್ಟ, ಕೆಳಗಿನ ಮಿತಿ, ನೋಟದ ಆಳ ಎಂದು ನಾಲ್ಕು ಅಂಕಿಗಳಿವೆ. ಕೊಯ್ತಕ್ಕೆ ಸಿಕ್ಕ ಗೋಡೆ ದಪ್ಪ ಗೆರೆಯಲ್ಲಿ ಬರುತ್ತದೆ, ಅದರ ಕೆಳಗಿನದು ತೆಳು ಗೆರೆಯಲ್ಲಿ. ಮೇಲಿನದರಲ್ಲಿ ಹೆಚ್ಚಿನದು ಬರುವುದೇ ಇಲ್ಲ.

ಡ್ರಾಯಿಂಗ್ ಬೋರ್ಡಿನ ಕಾಲದಲ್ಲೂ, 1982ರಲ್ಲಿ ಬಂದ ಆಟೋಕ್ಯಾಡ್‌ನಲ್ಲೂ, ಯಾವ ಗೆರೆ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುತ್ತಿದ್ದವನು ಬರೆಯುವವನೇ. 2000ದಲ್ಲಿ ಮಾರುಕಟ್ಟೆಗೆ ಬಂದ ರೆವಿಟ್ ರೀತಿ ಬೇರೆ. ಅಲ್ಲಿ ಮನೆಯನ್ನೇ ಕಂಪ್ಯೂಟರಿನೊಳಗೆ ಕಟ್ಟುತ್ತೇವೆ, ಪ್ಲಾನನ್ನು ಅದು ತಾನೇ ಆಯ್ದು ಕೊಡುತ್ತದೆ. ಕೆಲಸ ಬೇಗ ಆಗುತ್ತದೆ, ಅಳತೆ ತಪ್ಪುವುದೂ ಕಡಿಮೆ. ಆದರೆ ಮಾದರಿಯಲ್ಲಿ ಇದ್ದದ್ದು ಕಾಗದದಲ್ಲಿ ಬಾರದೆ ಹೋಗಬಹುದು. ಮೇಸ್ತ್ರಿಯ ಕೈಗೆ ಹೋಗುವುದು ಕಾಗದ.

ಹೊಸಬಾಳೆಯದೇ ಒಂದು ಮನೆ. ಹೆಂಚಿನ ಮಾಡು, ಅಡುಗೆಮನೆಯಲ್ಲಿ ಗ್ಯಾಸಿನ ಜೊತೆ ಸೌದೆ ಒಲೆಯೂ ಬೇಕು. ಒಲೆಯ ಮೇಲುಗಡೆ, ನೆಲದಿಂದ ಎಂಟಡಿ ಎತ್ತರದಲ್ಲಿ ಎರಡು ಬೆಳಕಿಂಡಿ. ಮಾದರಿಯಲ್ಲಿ ಎರಡೂ ಇದ್ದವು. ಪ್ಲಾನು ತೆಗೆದರೆ ಅಲ್ಲಿ ಬರೀ ಗೋಡೆ. ಮನೆಯ ಹಿರಿಯಮ್ಮ ಪ್ರಿಂಟಿನ ಮೇಲೆ ಬೆರಳಿಟ್ಟು, “ತಮ್ಮಾ, ಹೊಗೆ ಎಲ್ಲಿಂದ ಹೋಗ್ತದೆ?” ಎಂದು ಕೇಳಿದರು. ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ಎಂಜಿನಿಯರೂ ಕೇಳಲಾರ. ಉಪಾಯ ದೊಡ್ಡದೇನಲ್ಲ: ‘ಪ್ಲಾನ್ ರೀಜನ್’ ಎಂಬ ಸೌಲಭ್ಯದಿಂದ ಆ ಗೋಡೆಯ ಸುತ್ತ ಒಂದು ಚೌಕ ಎಳೆದು, ಅಷ್ಟು ಭಾಗಕ್ಕೆ ಮಾತ್ರ ಕೊಯ್ಯುವ ಮಟ್ಟವನ್ನು ಎಂಟೂವರೆ ಅಡಿಗೆ ಏರಿಸಬೇಕು, ಮೇಲಿನ ಮಿತಿಯನ್ನು ಅದಕ್ಕಿಂತ ಮೇಲೆ ಇಡಬೇಕು. ಉಳಿದ ಮನೆ ನಾಲ್ಕಡಿಯಲ್ಲೇ ಇರುತ್ತದೆ, ಬೆಳಕಿಂಡಿಯೂ ಕಾಣುತ್ತದೆ.

ಅದೇ ಮನೆಯ ಕೊಟ್ಟಿಗೆಯ ಲೆಕ್ಕ ಇನ್ನೊಂದು. ಜಾಗ ಇಳಿಜಾರು, ಹಾಗಾಗಿ ಕೊಟ್ಟಿಗೆಯ ನೆಲ ಮನೆಯ ನೆಲಕ್ಕಿಂತ 3 ಅಡಿ ತಗ್ಗು. ಮನೆಯ ನೆಲದಿಂದ 4 ಅಡಿ ಎಂದರೆ ಕೊಟ್ಟಿಗೆಯ ನೆಲದಿಂದ 7 ಅಡಿ. ಕೊಟ್ಟಿಗೆಯ ಬಾಗಿಲು ಇರುವುದೇ 6 ಅಡಿ. ಕೊಯ್ತ ಬಾಗಿಲ ಮೇಲಿಂದ ಹಾದುಹೋಯಿತು, ಬಾಗಿಲಿಲ್ಲದ ಕೊಟ್ಟಿಗೆ ಕಾಗದದ ಮೇಲೆ ಬಂತು. ಅಲ್ಲಿಯೂ ಒಂದು ಚೌಕ ಎಳೆದು, ಮಟ್ಟ ಇಳಿಸಿ, ಕೆಳಗಿನ ಮಿತಿ ಮತ್ತು ಆಳವನ್ನು ಕೊಟ್ಟಿಗೆಯ ನೆಲದವರೆಗೆ ಕೊಡಬೇಕಾಯಿತು. ಬಯಲುಸೀಮೆಯ ಸಮತಟ್ಟು ನಿವೇಶನಕ್ಕೆ ಬೇಡದ ಈ ಕೆಲಸ ಮಲೆನಾಡಿನಲ್ಲಿ ದಿನನಿತ್ಯದ್ದು.

ಅಟ್ಟ, ಸಜ್ಜಾ, ಸೂರು ಇವೆಲ್ಲ ನಾಲ್ಕಡಿಯ ಮೇಲಿನವೇ. ಇವನ್ನು ತುಂಡುಗೆರೆಯಲ್ಲಿ ತೋರಿಸುವುದು ಹಳೆಯ ಪದ್ಧತಿ. ಸೂರಿನ ಗೆರೆ ಇಲ್ಲದ ಪ್ಲಾನು ನೋಡಿ ಜಗಲಿಯ ಅಗಲ ನಿಶ್ಚಯಿಸಿದರೆ ಆಷಾಢದ ಎರಚಲು ನೇರ ಬಾಗಿಲಿಗೇ ಬರುತ್ತದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಅಷ್ಟು ಚಿಕ್ಕ ಮನೆಯಲ್ಲಿ ಅಕ್ಕಿ, ಅಡಿಕೆ, ಹಾಸಿಗೆ ಎಲ್ಲಕ್ಕೂ ಅಟ್ಟವೇ ಗತಿ. ಬಡವರ ಮನೆಯ ಪ್ಲಾನಿನಲ್ಲಿ ಅಟ್ಟ ಕಾಣದಿದ್ದರೆ ನಷ್ಟ ಇನ್ನೂ ಹೆಚ್ಚು.

ದಿಕ್ಕಿನ ವಿಷಯವೂ ಇದೆ. ಹಾಳೆಗೆ ಚೌಕವಾಗಿ ಕೂರಲಿ ಎಂದು ಪ್ಲಾನನ್ನು ತಿರುಗಿಸಿಟ್ಟಾಗ ಹಾಳೆಯ ಮೇಲ್ಭಾಗವೇ ಉತ್ತರ ಎನಿಸಿಬಿಡುತ್ತದೆ. ನಿಜವಾದ ಉತ್ತರವನ್ನು ತೋರಿಸುವ ಆಯ್ಕೆಯೂ ಅದೇ ಸಾಫ್ಟ್‌ವೇರಿನಲ್ಲಿದೆ. ನೈರುತ್ಯದಿಂದ ನುಗ್ಗುವ ಮಳೆಗೆ ಸೋಗೆ ತಟ್ಟಿ ಕಟ್ಟುವ ಊರಿನಲ್ಲಿ ಮಳೆ ಹೊಡೆಯುವ ಗೋಡೆ ಯಾವುದೆಂದು ಪ್ಲಾನು ನೋಡಿದ ಕೂಡಲೇ ತಿಳಿಯಬೇಕು.

ಒಂದೇ ನೋಟದಲ್ಲಿ ಕಟ್ಟಡ ಪೂರ್ತಿ ಸಿಗುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ ತ್ರಿಕೂಟ. ನೆಲದ ನಕ್ಷೆಯಲ್ಲಿ ಮೂರು ಗರ್ಭಗುಡಿ, ಕಂಬಗಳ ಸಾಲು ಕಾಣುತ್ತವೆ. ಮೇಲಿನ ಶಿಖರಗಳ ಬಗ್ಗೆ ಆ ನಕ್ಷೆ ಏನೂ ಹೇಳುವುದಿಲ್ಲ.

“ಮೇಸ್ತ್ರಿಗೆ ಎಲ್ಲ ಗೊತ್ತಿರುತ್ತದೆ” ಎನ್ನುವವರಿದ್ದಾರೆ. ಊರಿನ ಹಳೆಯ ಮೇಸ್ತ್ರಿಗೆ ಗೊತ್ತಿತ್ತು, ನಿಜ. ಈಗ ಗೋಡೆ ಕಟ್ಟುವವರಲ್ಲಿ ಹೊರರಾಜ್ಯಗಳಿಂದ ಬಂದವರೂ ಇದ್ದಾರೆ. ಅವರು ಒಳ್ಳೆಯ ಕೆಲಸಗಾರರು, ಕಾಗದದಲ್ಲಿ ಇದ್ದಂತೆ ಕಟ್ಟುತ್ತಾರೆ. ಕಾಗದದಲ್ಲಿ ಇಲ್ಲದ ಬೆಳಕಿಂಡಿಯನ್ನು ಅವರು ಊಹಿಸಬೇಕೆಂದು ಬಯಸುವುದು ನ್ಯಾಯವಲ್ಲ. ಕಟ್ಟಿದ ಗೋಡೆ ಒಡೆಯುವ ಖರ್ಚಿನ ಮುಂದೆ ಆ ನಾಲ್ಕು ಅಂಕಿ ತಿದ್ದುವ ಶ್ರಮ ಏನೇನೂ ಅಲ್ಲ.

ಪ್ಲಾನು ಬರೆಯುವ ನನ್ನ ಕಿರಿಯ ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟು: ನಿಮ್ಮ ಕಂಪ್ಯೂಟರಿನಲ್ಲಿ ಮಲೆನಾಡಿನ ಮನೆಗೆಂದೇ ಒಂದು ವ್ಯೂ ಟೆಂಪ್ಲೇಟ್, ಅಂದರೆ ನೋಟದ ಹೊಂದಿಕೆಗಳನ್ನು ಉಳಿಸಿಡುವ ಅಚ್ಚು, ಮಾಡಿಟ್ಟುಕೊಳ್ಳಿ. ಮನೆ ಕಟ್ಟಿಸುವವರೇ, ಹಣ ಕೊಡುವ ಮೊದಲು ಮೂರು ಹಾಳೆ ಕೇಳಿ: ನೆಲದ ಪ್ಲಾನು, ಮಾಡಿನ ಪ್ಲಾನು, ಅಡುಗೆಮನೆಯನ್ನು ಹಾದುಹೋಗುವ ಒಂದು ಸೆಕ್ಷನ್. ಅವನ್ನು ಅಡುಗೆಮನೆಯಲ್ಲಿ ದುಡಿಯುವವರ ಮುಂದೆ ಹರಡಿ, ಅಟ್ಟ ಎಲ್ಲಿ, ಸೂರು ಎಷ್ಟು, ಹೊಗೆ ಎಲ್ಲಿಂದ ಎಂದು ಒಂದೊಂದಾಗಿ ಕೇಳಿ. ಉತ್ತರ ಕಾಗದದಲ್ಲಿ ಸಿಕ್ಕ ಮೇಲೆಯೇ ಪಾಯ ತೆಗೆಸಿ.